ಜೂನ್ 21ರ ಹಬ್ಬಕ್ಕೆ ಡ್ರೂಯಿಡ್‌ಗಳ ಜೊತೆ ಏವ್‌ಬರಿಗೆ ಹೋಗಬಹುದಾ? ಇಲ್ಲ ಸ್ಟೋನ್‌ಹೆಂಜ್ ವಾಸಿನಾ?

ಮಳೆಹನಿ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿರುವ ಕನ್ನಡದವರು ಯಾರಾದರೂ ಹೇಳಿ ಪುಣ್ಯ ಕಟ್ಟಿಕೊಳ್ಳಿ.

ನಾವಿರುವುದು ಸ್ವಿಂಡನ್‌ನಲ್ಲಿ. ನನ್ನ ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಒಬ್ಬರಿದ್ದಾರೆ. ಬಿಲ್ಲಿನಲ್ಲಿ ಒಂದು ಪೆನ್ನಿ ಆಚೀಚೆ ಆದರೂ ವಾಪಸ್ ಕಳಿಸುವಷ್ಟು ಶಿಸ್ತಿನ ಹೆಂಗಸು. ಮೊನ್ನೆ ಊಟದ ಹೊತ್ತಿನಲ್ಲಿ ಸ್ಯಾಂಡ್‌ವಿಚ್ ಬಿಚ್ಚುತ್ತಾ ತಾನು ಡ್ರೂಯಿಡ್ ಅಂತ ಹೇಳಿದರು. ಡ್ರೂಯಿಡ್ ಅಂದರೆ ಇಲ್ಲಿನ ಹಳೆಯ ಕೆಲ್ಟ್ ಜನರ ಪೂಜಾರಿಗಳಂತೆ, ಈಗ ಅದೇ ಹೆಸರಿನಲ್ಲಿ ಪ್ರಕೃತಿಯನ್ನು ಪೂಜಿಸುವವರಿದ್ದಾರೆ. ಬಸ್ಸು ಲೇಟಾಯಿತು ಅಂತ ಹೇಳುವಷ್ಟು ಸಲೀಸಾಗಿ! ವರ್ಷದ ಅತಿ ಉದ್ದದ ಹಗಲಿಗೆ ಹತ್ತಿರದ ಭಾನುವಾರ, ಸ್ಟೋನ್‌ಹೆಂಜ್ ಹಾಗೇ ಪುರಾತನ ಕಲ್ಲುಗಳ ವೃತ್ತವಿರುವ ಏವ್‌ಬರಿ ಊರಿನಲ್ಲಿ ಅವರ ಗುಂಪು ಸೇರುತ್ತದಂತೆ. ಹಬ್ಬದ ಹೆಸರು ಆಲ್ಬನ್ ಹೆವಿನ್. "ಮಗನನ್ನೂ ಕರೆದುಕೊಂಡು ಬಾ" ಅಂದರು.

ನನಗೆ ಹೋಗುವ ಆಸೆ. ಆದರೆ ತಲೆ ತುಂಬಾ ಪ್ರಶ್ನೆ. ಅಲ್ಲಿ ದೀಕ್ಷೆ ಗೀಕ್ಷೆ ಏನಾದರೂ ಇರುತ್ತದಾ? ಬೇರೆ ಧರ್ಮದವರು ಬಂದು ನಿಂತರೆ ಅವರಿಗೆ ಮುಜುಗರ ಆಗುವುದಿಲ್ವಾ? ಬರಿಗೈಲಿ ಹೋಗಬಹುದಾ? ಯಾವ ಬಟ್ಟೆ ಹಾಕಿಕೊಳ್ಳಬೇಕು? ಮಗನಿಗೆ ಒಂಬತ್ತು ವರ್ಷ. ಬಿಳಿ ಗಡ್ಡದ ಮುದುಕರೊಬ್ಬರು ಕೊಪ್ಪರಿಗೆಯಲ್ಲಿ ಕಷಾಯ ಕುದಿಸುತ್ತಾರೆ ಅಂತ ಅವನು ಈಗಲೇ ಕನಸು ಕಟ್ಟಿಕೊಂಡಿದ್ದಾನೆ.

ನಮ್ಮ ಮನೆಯವರ ವಾದ ಬೇರೆ. "ಇದೆಲ್ಲ ಇನ್ನೂರು ಮುನ್ನೂರು ವರ್ಷದ ಹಿಂದೆ ಯಾರೋ ಕಟ್ಟಿದ ಕತೆ. ನೋಡಲೇಬೇಕು ಅಂದರೆ ಸ್ಟೋನ್‌ಹೆಂಜ್‌ಗೆ ಹೋಗೋಣ, ಆ ರಾತ್ರಿ ಟಿಕೆಟ್ ಇಲ್ಲ" ಅನ್ನುತ್ತಾರೆ. ಟಿಕೆಟ್ ಇಲ್ಲ ಅನ್ನುವುದೇ ಅವರಿಗೆ ದೊಡ್ಡ ಕಾರಣ ಅನ್ನಿ.

ಹೋಗಿ ನೋಡಿದವರು ಹೇಳಿ, ಯಾವುದು ವಾಸಿ?

---

ರಾತ್ರಿಪಾಳಿ

ಸ್ಟೋನ್‌ಹೆಂಜ್ ಹತ್ತಿರದ ಸಾಲ್ಸ್‌ಬರಿಯಲ್ಲಿ ಇರುವವನು ನಾನು. ಸ್ಟೋನ್‌ಹೆಂಜ್ ವಿಷಯ ಮಾತ್ರ ಹೇಳುತ್ತೇನೆ.

ಟಿಕೆಟ್ ಇಲ್ಲ, ನಿಜ. ಆದರೆ ಕಾರ್ ನಿಲ್ಲಿಸಲು ದುಡ್ಡು ಕೊಡಬೇಕು. ಈಚಿನ ವರ್ಷಗಳಲ್ಲಿ 15 ಪೌಂಡ್ ಇತ್ತು, ಹೋಗುವ ಮುಂಚೆ ಆ ಜಾಗ ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳಿ. ಸಾಲ್ಸ್‌ಬರಿ ರೈಲ್ವೆ ಸ್ಟೇಷನ್‌ನಿಂದ ರಾತ್ರಿ ಬಸ್ಸು ಬಿಡುತ್ತಾರೆ, ನನ್ನ ಕೇಳಿದರೆ ಅದೇ ಆರಾಮ. ಸಾಮಾನ್ಯವಾಗಿ 20ರ ಸಂಜೆ ಏಳರ ಹೊತ್ತಿಗೆ ಬಿಟ್ಟು ಮರುದಿನ ಬೆಳಿಗ್ಗೆ ಎಂಟಕ್ಕೆ ಖಾಲಿ ಮಾಡಿಸುತ್ತಾರೆ. ಸೂರ್ಯ ಮುಳುಗುವುದು ಒಂಬತ್ತೂವರೆ ಹತ್ತಿರ, ಹುಟ್ಟುವುದು ಐದಕ್ಕೆ ಎಂಟು ನಿಮಿಷ ಇರುವಾಗ. ನಡುವಿನ ಆ ಏಳೂವರೆ ಗಂಟೆ ಬಯಲಿನಲ್ಲಿ ಕಳೆಯಬೇಕು. ಜೂನ್ ಅಂತ ನಂಬಿಕೊಂಡು ತೆಳು ಜಾಕೆಟ್‌ನಲ್ಲಿ ಬಂದವರ ಹಲ್ಲು ಕಟಕಟ ಅನ್ನುವುದನ್ನು ನೋಡಿದ್ದೇನೆ. ಹುಲ್ಲೆಲ್ಲ ಇಬ್ಬನಿ, ಕೂತರೆ ಪ್ಯಾಂಟು ಒದ್ದೆ. ಮಲಗುವ ಚೀಲ ಒಳಗೆ ಬಿಡುವುದಿಲ್ಲ. ಮದ್ಯ, ಗಾಜಿನ ಬಾಟಲಿ, ಬೆಂಕಿ, ಡ್ರೋನ್, ನಾಯಿ ಯಾವುದೂ ಇಲ್ಲ. ಕಲ್ಲು ಹತ್ತುವ ಹಾಗಿಲ್ಲ.

ಜನ? ಹವಾಮಾನ ಚೆನ್ನಾಗಿದ್ದು ವಾರದ ಕೊನೆಯಾದರೆ ಇಪ್ಪತ್ತು ಮೂವತ್ತು ಸಾವಿರ. ಡೋಲು ಬೆಳತನಕ ನಿಲ್ಲುವುದಿಲ್ಲ. ಡ್ರೂಯಿಡ್‌ಗಳು ಕಾಣುತ್ತಾರೆ, ಆದರೆ ನಿಮ್ಮ ಮಗನಿಗೆ ಕಾಣುವುದು ಮುಂದಿನವರ ಬೆನ್ನು. ಮೋಡ ಕವಿದರೆ ಸೂರ್ಯ ಹುಟ್ಟಿದ್ದು ಪಕ್ಕದವರು ಕೂಗಿದ ಮೇಲೇ ಗೊತ್ತಾಗುವುದು. ಒಂಬತ್ತು ವರ್ಷದವನಿಗೆ ನಾನಾದರೆ ಬೇಡ ಅನ್ನುತ್ತೇನೆ. ಮನೆಯಲ್ಲೇ ಕೂತು ನೋಡುವುದಾದರೆ ನೇರಪ್ರಸಾರ ಇರುತ್ತದೆ.

---

ಬೀಚ್‌ಮರ

ಮಳೆಹನಿ ಅವರೆ, ನಾನು ಮಾರ್ಲ್‌ಬರೋದಲ್ಲಿ ಒಂದು ಬೇಕರಿಯಲ್ಲಿ ಕೆಲಸ ಮಾಡುತ್ತೇನೆ. ಏವ್‌ಬರಿಯಲ್ಲಿ ಸೇರುವ ಒಂದು ಗುಂಪಿಗೆ ಆ ದಿನದ ಬ್ರೆಡ್ಡು ನನ್ನದೇ. ಹಾಗಾಗಿ ಒಳಗಿನ ಮಾತನ್ನೇ ಹೇಳುತ್ತೇನೆ. ಪ್ರತಿ ಗುಂಪಿನ ರೀತಿ ಸ್ವಲ್ಪ ಸ್ವಲ್ಪ ಬೇರೆ, ನಿಮ್ಮ ಸಹೋದ್ಯೋಗಿಯದ್ದು ಇದೇ ಗುಂಪಾ ಅಂತ ನನಗೆ ತಿಳಿಯದು.

ಮೊದಲು ನಿಮ್ಮ ಭಯ. ದೀಕ್ಷೆ ಇಲ್ಲ. ದೀಕ್ಷೆ ಬೇಕಾದವರು ತಾವಾಗಿ ಯಾವುದಾದರೂ ಸಂಘ ಸೇರಿ ತಿಂಗಳುಗಟ್ಟಲೆ ಓದಿ ತೆಗೆದುಕೊಳ್ಳುತ್ತಾರೆ. ಹಬ್ಬದ ದಿನ ಬಂದವರಿಗೆಲ್ಲ ಹಂಚುವಂಥದ್ದಲ್ಲ ಅದು. ಧರ್ಮದ ವಿಷಯಕ್ಕೆ ಬಂದರೆ, ನಮ್ಮ ವೃತ್ತದಲ್ಲಿ ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗಿ ಮಧ್ಯಾಹ್ನ ಇಲ್ಲಿಗೆ ಬರುವವರಿದ್ದಾರೆ. ದೇವರೇ ಇಲ್ಲ ಅನ್ನುವವರೂ ಇದ್ದಾರೆ. ದೇವರು ಒಬ್ಬರಾ, ಹಲವರಾ, ಇಲ್ಲವೇ ಇಲ್ವಾ ಅಂತ ಡ್ರೂಯಿಡ್‌ಗಳಲ್ಲೇ ಒಮ್ಮತವಿಲ್ಲ. ಯಾರೂ ಅದಕ್ಕಾಗಿ ಜಗಳ ಆಡಿದ್ದನ್ನು ನಾನು ನೋಡಿಲ್ಲ. ಕಾರ್ ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಆಡುತ್ತಾರೆ.

ಏನು ನಡೆಯುತ್ತದೆ ಅಂದರೆ: ಹನ್ನೆರಡರ ಹೊತ್ತಿಗೆ ಎಲ್ಲರೂ ಕಲ್ಲುಗಳ ಹತ್ತಿರ ಸೇರುತ್ತಾರೆ. ದಕ್ಷಿಣದ ಕಡೆ ರಸ್ತೆ ಒಳಗೆ ಬರುವಲ್ಲಿ ಒಂದು ಭಾರೀ ಕಲ್ಲಿದೆ, ಕೂರಲು ಕುರ್ಚಿಯ ಹಾಗೆ ಒಂದು ಚಡಿ ಇದೆ, ಸೈತಾನನ ಕುರ್ಚಿ ಅಂತಲೇ ಕರೆಯುತ್ತಾರೆ. ಕಾಯುವಾಗ ಮಕ್ಕಳೆಲ್ಲ ಸರದಿಯಲ್ಲಿ ಅಲ್ಲೇ ಕೂರುವುದು. ಅಂದ ಹಾಗೆ ಸೂರ್ಯನ ನಿಜವಾದ ಮಧ್ಯಾಹ್ನ ಆಗುವುದು ಒಂದು ಗಂಟೆ ದಾಟಿದ ಮೇಲೆ, ಏಕೆಂದರೆ ಬೇಸಿಗೆಯಲ್ಲಿ ಇಲ್ಲಿನ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿರುತ್ತಾರೆ. ನಮ್ಮಲ್ಲಿ ಹನ್ನೆರಡಕ್ಕೆ ಅಂದರೆ ಹನ್ನೆರಡೂ ಮುಕ್ಕಾಲಿಗೆ ಶುರುವಾಗುತ್ತದೆ, ಹೀಗಾಗಿ ಸೂರ್ಯನ ಲೆಕ್ಕಕ್ಕೆ ಸರಿಹೋಗುತ್ತದೆ.

ವೃತ್ತವಾಗಿ ನಿಂತ ಮೇಲೆ ಒಬ್ಬರು ನಾಲ್ಕು ದಿಕ್ಕಿಗೂ ಮುಖ ಮಾಡಿ ಆ ದಿಕ್ಕಿನಲ್ಲಿ ಶಾಂತಿ ಇರಲಿ ಅನ್ನುತ್ತಾರೆ. ಕೊನೆಗೆ ಲೋಕಕ್ಕೆಲ್ಲ ಶಾಂತಿ ಇರಲಿ ಅಂತ ಎಲ್ಲರೂ ಸೇರಿ ಹೇಳುತ್ತಾರೆ. ಆಮೇಲೆ ದಿಕ್ಕುಗಳನ್ನು ಕರೆಯುವುದು. ಪೂರ್ವಕ್ಕೆ ಗಿಡುಗ, ದಕ್ಷಿಣಕ್ಕೆ ಗಂಡು ಜಿಂಕೆ, ಪಶ್ಚಿಮಕ್ಕೆ ಸಾಲ್ಮನ್ ಮೀನು, ಉತ್ತರಕ್ಕೆ ನಕ್ಷತ್ರದ ಕರಡಿ. ನಿಮ್ಮ ಮಗ ಹುಷಾರು, ಯಾವುದಾದರೂ ಒಂದು ದಿಕ್ಕು ಕರೆಯುವ ಕೆಲಸ ಅವನ ಪಾಲಿಗೆ ಬಂದರೂ ಬರಬಹುದು. ಮಕ್ಕಳಿಗೆ ಜಾಸ್ತಿ ಕೊಡುವುದು ಕರಡಿಯನ್ನೇ. ಆಮೇಲೆ ಕೈ ಕೈ ಹಿಡಿದು "ಆವೆನ್" ಅಂತ ಉದ್ದಕ್ಕೆ ಮೂರು ಸಲ ಹಾಡುತ್ತಾರೆ. ಕವಿಗೆ ಬರುವ ಸ್ಫೂರ್ತಿ ಇದೆಯಲ್ಲ, ಅದನ್ನು ಕರೆಯುವುದು. ನಿಮಗೆ ಬೇಡ ಅನಿಸಿದರೆ ಸುಮ್ನೆ ನಿಂತಿರಿ, ಯಾರೂ ತಿರುಗಿ ನೋಡುವುದಿಲ್ಲ.

ನಂತರ ಓಕ್ ಎಲೆಯ ಕಿರೀಟ ಹಾಕಿಕೊಂಡವನಿಗೂ ಹಾಲಿ ಅನ್ನುವ ಮುಳ್ಳೆಲೆ ಗಿಡದ ಕಿರೀಟದವನಿಗೂ ಮರದ ಕತ್ತಿಯಲ್ಲಿ ಒಂದು ಹುಸಿ ಕಾಳಗ. ಹಗಲು ಬೆಳೆಯುವ ಅರ್ಧ ವರ್ಷ ಓಕ್ ರಾಜನದು, ಕುಗ್ಗುವ ಅರ್ಧ ಹಾಲಿ ರಾಜನದು. ಇಂದಿನಿಂದ ಹಗಲು ಕುಗ್ಗುತ್ತದಲ್ಲ, ಹಾಗಾಗಿ ಓಕ್ ರಾಜ ಸೋಲಬೇಕು. ನಮ್ಮ ಓಕ್ ರಾಜ ವೃತ್ತಿಯಲ್ಲಿ ಪ್ಲಂಬರ್, ಸಾಯುವುದರಲ್ಲಿ ಪಳಗಿದವನು. ಸಲೀಸಾಗಿ ಬೀಳುವುದೇ ಇಲ್ಲ, ಎದ್ದೆದ್ದು ಬೀಳುತ್ತಾನೆ. ಅದಾದ ಮೇಲೆ ಹಾಡು, ಕವಿತೆ, ಯಾರು ಬೇಕಾದರೂ. ಕನ್ನಡದಲ್ಲಿ ಹಾಡಿದರೂ ಸಂತೋಷವೇ.

ಕೊನೆಗೆ ನನ್ನ ಬ್ರೆಡ್ಡು. ಗುಂಡಗಿನ ದೊಡ್ಡ ಬ್ರೆಡ್ಡು. ಒಲೆಗೆ ಹಾಕುವ ಮುಂಚೆ ಮೇಲೆ ಬ್ಲೇಡಿನಿಂದ ಸೂರ್ಯನ ಕಿರಣದ ಹಾಗೆ ಗೀರು ಹಾಕುತ್ತೇನೆ. ನಡುವಿನಿಂದ ಅಂಚಿನವರೆಗೆ ಎಳೆಯಬಾರದು, ಒಂದು ಬೆರಳು ಬಿಟ್ಟು ಶುರು ಮಾಡಬೇಕು. ಇಲ್ಲದಿದ್ದರೆ ಬೆಂದಾಗ ನಡುಮಧ್ಯೆ ಬಾಯಿ ಬಿಟ್ಟು ಸೂರ್ಯನ ಮುಖವೇ ಹೋಗುತ್ತದೆ. ಮುರಿದು ಮೊದಲ ತುಂಡನ್ನು ನೆಲಕ್ಕೆ ಹಾಕಿ ಉಳಿದದ್ದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾರೆ. ಗೋಧಿ ಒಗ್ಗದವರಿಗೆ ಬೇರೆ ಡಬ್ಬಿ ಇರುತ್ತದೆ, ಈಗೀಗ ಆ ಡಬ್ಬಿಯೇ ಮೊದಲು ಖಾಲಿಯಾಗುತ್ತಿದೆ. ಜೊತೆಗೆ ಕೊಂಬಿನ ಲೋಟದಲ್ಲಿ ಮೀಡ್, ಅಂದರೆ ಜೇನಿನ ಮದ್ಯ. ಬೇಡದವರಿಗೆ ಸೇಬಿನ ರಸ. ಕಷಾಯ ಕುದಿಸುವುದಿಲ್ಲ ಅಂತ ಮಗನಿಗೆ ಈಗಲೇ ಹೇಳಿಬಿಡಿ ಪಾಪ.

ಬರಿಗೈಲಿ ಬಂದರೂ ಸರಿ. ಏನಾದರೂ ತರಲೇಬೇಕು ಅನಿಸಿದರೆ ಹಂಚುವ ತಿಂಡಿ ತನ್ನಿ, ಹೂ ತನ್ನಿ. ಸೇಂಟ್ ಜಾನ್ಸ್ ವರ್ಟ್ ಅಂತ ಹಳದಿ ಹೂವಿನ ಗಿಡ ಆ ಹೊತ್ತಿಗೆ ಬೇಲಿ ಬದಿಯಲ್ಲಿ ಅರಳಿರುತ್ತದೆ. ಅದರ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಸೂಜಿಯಿಂದ ಚುಚ್ಚಿದ ಹಾಗೆ ಪುಟ್ಟ ಪುಟ್ಟ ಬೆಳಕಿನ ಚುಕ್ಕೆ. ಮೊಗ್ಗನ್ನು ಹಿಸುಕಿದರೆ ಹಳದಿ ಅಲ್ಲ, ಕೆಂಪು ಬಣ್ಣ ಬೆರಳಿಗೆ ಹತ್ತುತ್ತದೆ. ಮಗನಿಗೆ ತೋರಿಸಿ. ಆದರೆ ಮಾತ್ರೆ ತೆಗೆದುಕೊಳ್ಳುವವರು ಯಾರೂ ಅದನ್ನು ಟೀ ಮಾಡಿ ಕುಡಿಯಲು ಹೋಗಬೇಡಿ, ಬಹಳ ಔಷಧಿಗಳ ಜೊತೆ ಅದು ಹೊಂದುವುದಿಲ್ಲ.

ಬಟ್ಟೆ ನಿಮ್ಮಿಷ್ಟ. ನಿಲುವಂಗಿ ಹಾಕಿದವರು ಅರ್ಧ ಜನ ಇರಬಹುದು, ಅದರ ಕೆಳಗೆ ಎಲ್ಲರದ್ದೂ ಕೆಸರಿನ ಬೂಟು. ಏವ್‌ಬರಿಯ ಕಲ್ಲುಗಳ ನಡುವೆ ಕುರಿ ಮೇಯುತ್ತವೆ. ನೋಡಿ ಕಾಲಿಡಿ. ಒಳ್ಳೆಯ ಚಪ್ಪಲಿ ಬೇಡ.

---

ಹಳೇಲೆಕ್ಕ

ಮಳೆಹನಿ ಅವರೆ, ನಿಮ್ಮ ಮನೆಯವರು ಹೇಳಿದ್ದರಲ್ಲಿ ಹುರುಳಿದೆ. ಆದರೆ ಅದೇ ಮಾತು ಸ್ಟೋನ್‌ಹೆಂಜ್‌ಗೂ ತಗಲುತ್ತದೆ ಅನ್ನುವುದನ್ನು ಅವರು ಮರೆತಿದ್ದಾರೆ.

ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳು ನಿಂತದ್ದು ಸುಮಾರು 4500 ವರ್ಷದ ಹಿಂದೆ. ಡ್ರೂಯಿಡ್‌ಗಳ ಬಗ್ಗೆ ನಮಗೆ ಸಿಗುವ ಬರಹ ಅದಕ್ಕಿಂತ ಎರಡು ಸಾವಿರ ವರ್ಷಕ್ಕೂ ಈಚಿನದ್ದು. ಅದೂ ಅವರು ಬರೆದದ್ದಲ್ಲ, ಅವರ ಶತ್ರುಗಳಾದ ರೋಮನ್ನರು ಬರೆದದ್ದು. ಸೀಸರ್ ಬರೆದ, ಪ್ಲಿನಿ ಬರೆದ. ಓಕ್ ಮರ ಹತ್ತಿ ಚಿನ್ನದ ಕುಡುಗೋಲಿನಲ್ಲಿ ಮಿಸಲ್‌ಟೋ ಅನ್ನುವ ಬಂದಳಿಕೆ ಕೊಯ್ಯುವ ಬಿಳಿ ಬಟ್ಟೆಯ ಪೂಜಾರಿ ಪ್ಲಿನಿಯಿಂದ ಬಂದವನು. ಅದೂ ಚಂದ್ರನ ಆರನೇ ದಿನದ ಲೆಕ್ಕ, ಸೂರ್ಯನದ್ದಲ್ಲ. ಹಳೆಯ ಐರಿಷ್ ಬರಹಗಳಲ್ಲಿ ದೊಡ್ಡ ಹಬ್ಬ ಅಂತ ಬರುವುದು ಸೌವಿನ್, ಇಂಬೋಲ್ಕ್, ಬೆಲ್ಟೇನ್, ಲೂನಸ ಈ ನಾಲ್ಕು. ಜೂನ್ 21 ಅವುಗಳಲ್ಲಿ ಇಲ್ಲ. ಪುರಾತನ ಕೆಲ್ಟಿಕ್ ಹಬ್ಬ ಅಂತ ಪೋಸ್ಟರ್ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕಲ್ಲುಗಳಿಗೂ ಡ್ರೂಯಿಡ್‌ಗಳಿಗೂ ಗಂಟು ಹಾಕಿದ್ದು ಹಳೆಯ ಅವಶೇಷಗಳನ್ನು ಹುಡುಕುತ್ತಿದ್ದ 17ನೇ ಶತಮಾನದ ಜಾನ್ ಆಬ್ರಿ, ಅದನ್ನು ಬಿಗಿ ಮಾಡಿದ್ದು 18ನೇ ಶತಮಾನದ ವಿಲಿಯಂ ಸ್ಟೂಕ್ಲಿ. ಆಮೇಲೆ ಬಂದ ಅಸಲಿ ಕಲಾವಿದ, ವೇಲ್ಸ್‌ನ ಕಲ್ಲುಕುಟಿಗ ಯೋಲೋ ಮೊರ್ಗಾನುಗ್. ಮಹಾ ಪಂಡಿತ, ಅಫೀಮಿನ ದ್ರಾವಣ ಕುಡಿಯುತ್ತಿದ್ದವನು, ಹಳೆಯ ಹಸ್ತಪ್ರತಿ ಅಂತ ತಾನೇ ಬರೆದು ತೋರಿಸುತ್ತಿದ್ದವನು. 1792ರ ಜೂನ್ 21ರಂದು ಲಂಡನ್ನಿನ ಪ್ರಿಮ್ರೋಸ್ ಹಿಲ್ ಮೇಲೆ ಪುಟ್ಟ ಕಲ್ಲುಗಳನ್ನು ವೃತ್ತವಾಗಿ ಇಟ್ಟು ಕವಿಗಳ ಸಭೆ ನಡೆಸಿದ. ಆಲ್ಬನ್ ಹೆವಿನ್ ಅನ್ನುವ ಹೆಸರೂ ಅವನದೇ ಕಾಣಿಕೆ. ಬೀಚ್‌ಮರ ಅವರು ಹೇಳಿದ ಓಕ್ ರಾಜ, ಹಾಲಿ ರಾಜರ ಜೋಡಿ 20ನೇ ಶತಮಾನದ ಕವಿ ರಾಬರ್ಟ್ ಗ್ರೇವ್ಸ್ ಕೂಡಿಸಿಕೊಟ್ಟದ್ದು. ಇವತ್ತಿನ ಡ್ರೂಯಿಡ್‌ಗಳು ವರ್ಷವಿಡೀ ಆಚರಿಸುವ ಎಂಟು ಹಬ್ಬಗಳ ಚಕ್ರ ಪೂರ್ತಿಯಾದದ್ದು 1950ರ ದಶಕದಲ್ಲಿ. ಅದರ ಹಿಂದಿದ್ದ ರಾಸ್ ನಿಕೋಲ್ಸ್ 1964ರಲ್ಲಿ ಕಟ್ಟಿದ ಸಂಘವೇ ಇವತ್ತು ಡ್ರೂಯಿಡ್ ಸಂಘಗಳಲ್ಲಿ ದೊಡ್ಡದು.

ಇನ್ನೊಂದು ಸ್ವಾರಸ್ಯ. ಸ್ಟೋನ್‌ಹೆಂಜ್ ಬೇಸಿಗೆಯ ಸೂರ್ಯೋದಯಕ್ಕೆ ನೇರ ಇದೆ ಅನ್ನುವುದು ದಿಟ. ಆದರೆ ಅದೇ ಗೆರೆಯನ್ನು ಹಿಂದಕ್ಕೆ ಎಳೆದರೆ ಚಳಿಗಾಲದ ಅತಿ ಕಿರಿಯ ದಿನದ ಸೂರ್ಯಾಸ್ತ. ಅದನ್ನು ಕಟ್ಟಿದವರು ತಂಗಿದ್ದರು ಅನ್ನುವ ಪಕ್ಕದ ಡರಿಂಗ್ಟನ್ ವಾಲ್ಸ್‌ನಲ್ಲಿ ಸಿಕ್ಕ ಹಂದಿ ಮೂಳೆಗಳಲ್ಲಿ ಹೆಚ್ಚಿನವು ಸುಮಾರು ಒಂಬತ್ತು ತಿಂಗಳ ಮರಿಗಳವು. ವಸಂತದಲ್ಲಿ ಹುಟ್ಟಿದ ಮರಿಗೆ ಒಂಬತ್ತು ತಿಂಗಳಾಗುವುದು ನಡು ಚಳಿಗಾಲಕ್ಕೆ. ಅಂದರೆ ಕಟ್ಟಿದವರ ದೊಡ್ಡ ಔತಣ ಡಿಸೆಂಬರಿನಲ್ಲೇ ಇದ್ದಿರಬೇಕು. ಜೂನ್‌ನಲ್ಲಿ ಹೋಗುವ ಮೂವತ್ತು ಸಾವಿರ ಜನ ಉಲ್ಟಾ ತುದಿಯಲ್ಲಿ ನಿಂತು ನೋಡುತ್ತಿದ್ದಾರೆ!

---

ಬೀಚ್‌ಮರ

ಹಳೇಲೆಕ್ಕ ಅವರೆ, ನೀವು ಹೇಳಿದ್ದು ಒಂದೂ ಸುಳ್ಳಲ್ಲ. ಇದನ್ನೆಲ್ಲ ನಮ್ಮ ಗುಂಪಿನಲ್ಲಿ ಬೆಂಕಿ ಕಾಯಿಸುತ್ತಾ ನಾವೇ ಹೇಳಿಕೊಂಡು ನಗುತ್ತೇವೆ, ಯೋಲೋನ ಹೆಸರಿಗೆ ಒಂದು ಗುಟುಕು ಹೆಚ್ಚೇ ಕುಡಿಯುತ್ತೇವೆ. ಹೊಸದು ಅಂತ ಗೊತ್ತಿದ್ದೇ ಮಾಡುವುದು. ಇಂಗ್ಲೆಂಡ್, ವೇಲ್ಸ್‌ನ ದತ್ತಿ ಸಂಸ್ಥೆಗಳನ್ನು ನೋಡಿಕೊಳ್ಳುವ ಚಾರಿಟಿ ಕಮಿಷನ್ 2010ರಲ್ಲಿ ಒಂದು ಡ್ರೂಯಿಡ್ ಸಂಸ್ಥೆಯನ್ನು ಧಾರ್ಮಿಕ ಸಂಸ್ಥೆ ಅಂತ ಒಪ್ಪಿಕೊಂಡಿತು. ಎಷ್ಟು ಹಳೆಯದು ಅನ್ನುವುದರ ಮೇಲೆ ಅದು ನಿಂತಿರಲಿಲ್ಲ. ಇವರು ಯಾವುದನ್ನೋ ಪೂಜಿಸುತ್ತಾರಾ, ಅದರಿಂದ ಜನರಿಗೆ ಒಳಿತಿದೆಯಾ ಅನ್ನುವುದೇ ಅಲ್ಲಿ ನಡೆದ ವಿಚಾರಣೆ.

ಈ ಅಕ್ಷಾಂಶದಲ್ಲಿ ಒಂದು ಚಳಿಗಾಲ ಕಳೆದು ನೋಡಿ. ಡಿಸೆಂಬರಿನಲ್ಲಿ ಸೂರ್ಯ ನಡುಹಗಲಲ್ಲೂ 15 ಡಿಗ್ರಿ ಮೇಲೆ ಏರಿದರೆ ಹೆಚ್ಚು. ಹಗಲು ಎಂಟು ಗಂಟೆಯೂ ಇಲ್ಲ. ನಾನು ಬೇಕರಿಗೆ ಕತ್ತಲಲ್ಲಿ ಹೋಗಿ, ಹಿಟ್ಟು ತೊಳೆದುಕೊಂಡು ಹೊರಗೆ ಬರುವ ಹೊತ್ತಿಗೆ ಬೀದಿ ದೀಪ ಹತ್ತಿರುತ್ತದೆ. ಜೂನ್‌ನಲ್ಲಿ 62 ಡಿಗ್ರಿ, ಹದಿನಾರೂವರೆ ಗಂಟೆ ಹಗಲು. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚಲು ಹೋಗುವಾಗಲೇ ಬಾನು ಬೆಳ್ಳಗಾಗಿರುತ್ತದೆ. ಅದಕ್ಕೊಂದು ನಮಸ್ಕಾರ ಹಾಕಲು ನನಗೆ ಸೀಸರನ ಅಪ್ಪಣೆ ಬೇಡ.

ಮಳೆಹನಿ ಅವರೆ, ಸ್ಟೋನ್‌ಹೆಂಜ್ ರಾತ್ರಿಗೆ ಈಗ ಯಾರು ಬೇಕಾದರೂ ಹೋಗಬಹುದು, ಆದರೆ ಇದು ತಾನಾಗಿ ಆದದ್ದಲ್ಲ. 1974ರಿಂದ 84ರವರೆಗೆ ಅಲ್ಲಿ ಉಚಿತ ಜಾತ್ರೆ ನಡೆಯುತ್ತಿತ್ತು. 1985ರ ಜೂನ್ 1ರಂದು ಅಲ್ಲಿಗೆ ಹೊರಟಿದ್ದ ಗಾಡಿಗಳ ಸಾಲನ್ನು ಪೊಲೀಸರು ಹೊಲವೊಂದಕ್ಕೆ ನುಗ್ಗಿಸಿ ಬಡಿದರು, ಗಾಡಿಗಳ ಗಾಜು ಪುಡಿ ಮಾಡಿದರು, ನೂರಾರು ಜನರನ್ನು ಬಂಧಿಸಿದರು. ಆಮೇಲೆ ವರ್ಷಗಟ್ಟಲೆ ಆ ದಿನ ಸುತ್ತ ಬರೀ ತಡೆಗೋಡೆ. 1999ರಲ್ಲಿ, ರಸ್ತೆಯಲ್ಲಿ ಶಾಂತವಾಗಿ ಸೇರುವುದೇ ಅಪರಾಧವಲ್ಲ ಅಂತ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಬಂತು, 2000ದಲ್ಲಿ ಬಾಗಿಲು ತೆರೆಯಿತು. ನಿಮ್ಮ ಮನೆಯವರಿಗೆ ಹೇಳಿ, ಟಿಕೆಟ್ ಇಲ್ಲದಿರುವುದರ ಹಿಂದೆ ಇಷ್ಟು ಇದೆ ಅಂತ.

---

ಬಂದರು

ನಾನು ಐರ್ಲೆಂಡಿನ ಕಾರ್ಕ್‌ನಲ್ಲಿ ಇರುವುದು. ಹಳೆಯದು ಬೇಕು ಅನ್ನುವವರಿಗೆ ಒಂದು ಮಾತು. ಇಲ್ಲಿ ನಿಲುವಂಗಿಯೂ ಇಲ್ಲ, ಕಲ್ಲಿನ ವೃತ್ತವೂ ಇಲ್ಲ. ಜೂನ್ 23ರ ಸಂಜೆ, ಸಂತ ಜಾನ್ ಹಬ್ಬದ ಹಿಂದಿನ ರಾತ್ರಿ, ಬೆಂಕಿ ಹಾಕುತ್ತಾರೆ ಅಷ್ಟೆ. ಕಾರ್ಕ್ ಹುಡುಗರು ಅದಕ್ಕೆ ಬಾನಾ ನೈಟ್ ಅನ್ನುತ್ತಾರೆ. ವಾರಗಟ್ಟಲೆ ಮುಂಚಿನಿಂದ ಹಳೆ ಮಂಚ, ಮುರಿದ ಪ್ಯಾಲೆಟ್ ಕೂಡಿಡುತ್ತಾರೆ. ಟೈರ್ ಸುಡುತ್ತಾರೆ ಅಂತ ಅಗ್ನಿಶಾಮಕದವರಿಗೆ ಆ ರಾತ್ರಿ ನಿದ್ದೆ ಇಲ್ಲ. ಮೇಯೊ, ಗಾಲ್ವೇ ಕಡೆ ಹಳ್ಳಿಗಳಲ್ಲಿ ಇನ್ನೂ ಚೆಂದ. ಮೊದಲು ದನಗಳನ್ನು ಆ ಹೊಗೆಯಲ್ಲಿ ದಾಟಿಸುತ್ತಿದ್ದರಂತೆ, ಕೆಂಡವನ್ನು ಹೊಲಕ್ಕೆ ಒಯ್ಯುತ್ತಿದ್ದರಂತೆ.

ಲಿಮರಿಕ್ ಜಿಲ್ಲೆಯಲ್ಲಿ ನಾಕೇನಿ ಅನ್ನುವ ಗುಡ್ಡ ಇದೆ, ಆನ್ಯಾ ದೇವಿಯ ಗುಡ್ಡ. 19ನೇ ಶತಮಾನದಲ್ಲೂ ಜನ ಅದೇ ರಾತ್ರಿ ಹುಲ್ಲಿನ ಪಂಜು ಹಿಡಿದು ಗುಡ್ಡ ಸುತ್ತಿ, ಆಮೇಲೆ ಬೆಳೆ ಮತ್ತು ದನಗಳ ನಡುವೆ ಓಡುತ್ತಿದ್ದರು ಅಂತ ದಾಖಲೆ ಇದೆ. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನವರದ್ದೂ ಇಂಥದ್ದೇ. ಅಲ್ಲಿ ಸರಪಳಿಯ ಹಾಗೆ ಗುಡ್ಡದಿಂದ ಗುಡ್ಡಕ್ಕೆ ಬೆಂಕಿ. ನಿಂತುಹೋಗಿದ್ದನ್ನು 1929ರಲ್ಲಿ ಮತ್ತೆ ಶುರು ಮಾಡಿದರು. ಒಬ್ಬ ಹೆಂಗಸು ಗಿಡಮೂಲಿಕೆಯ ಕಟ್ಟನ್ನು ಬೆಂಕಿಗೆ ಹಾಕುತ್ತಾಳೆ, ಮಾತೆಲ್ಲ ಕಾರ್ನಿಷ್ ಭಾಷೆಯಲ್ಲಿ.

---

ಮಳೆಹನಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆಯವರಿಗೆ ಪೂರ್ತಿ ಓದಿ ಹೇಳಿದೆ. ಹಂದಿ ಮೂಳೆಯ ಕತೆ ಕೇಳಿ "ಹಾಗಾದರೆ ಸ್ಟೋನ್‌ಹೆಂಜ್ ಡಿಸೆಂಬರಿನಲ್ಲಿ ನೋಡೋಣ" ಅಂತ ರಾಗ ಬದಲಿಸಿದ್ದಾರೆ. ಏವ್‌ಬರಿಗೆ ಹೋಗುವುದು ಗಟ್ಟಿ. ಮಗ ಕರಡಿಯನ್ನೇ ಕರೆಯಬೇಕು ಅಂತ ಹಟ ಹಿಡಿದಿದ್ದಾನೆ.

ಎರಡೇ ಪ್ರಶ್ನೆ ಉಳಿದಿದೆ. ಅಲ್ಲಿ ಮರಕ್ಕೆ ರಿಬ್ಬನ್ ಕಟ್ಟುತ್ತಾರೆ ಅಂತ ಸಹೋದ್ಯೋಗಿ ಹೇಳಿದರು, ನಾವೂ ಕಟ್ಟಬಹುದಾ? ಮತ್ತೆ ಕಾರ್ ಬೇಡ ಅಂದುಕೊಂಡಿದ್ದೇವೆ, ಬಸ್ಸು ಇದೆಯಾ?

---

ಬೀಚ್‌ಮರ

ರಿಬ್ಬನ್ ಕಟ್ಟುವುದು ಪೂರ್ವದ ದಿಬ್ಬದ ಮೇಲಿನ ಬೀಚ್ ಮರಗಳಿಗೆ. ಮರದ ಬೇರುಗಳೆಲ್ಲ ನೆಲದ ಮೇಲೆ ಎದ್ದು ಹೆಣೆದುಕೊಂಡಿರುತ್ತವೆ, ಗುರುತು ಸಿಗುತ್ತದೆ. ಕಟ್ಟುವುದಾದರೆ ಹತ್ತಿಯ ಪಟ್ಟಿ ಅಥವಾ ಉಣ್ಣೆಯ ದಾರ ತನ್ನಿ, ಸಡಿಲ ಗಂಟು ಹಾಕಿ. ಪ್ಲಾಸ್ಟಿಕ್ ರಿಬ್ಬನ್ ಬೇಡವೇ ಬೇಡ, ವರ್ಷಗಟ್ಟಲೆ ಕೊಳೆಯದೆ ಕೊಂಬೆಯನ್ನು ಕೊರೆಯುತ್ತದೆ. ಹಬ್ಬ ಮುಗಿದ ಮೇಲೆ ಅದನ್ನೆಲ್ಲ ಕತ್ತರಿ ಹಿಡಿದು ಬಿಚ್ಚುವವರಲ್ಲಿ ನಾನೂ ಒಬ್ಬಳು. ಬೇರಿನ ಮೇಲೆ ತುಳಿಯಬೇಡಿ ಅಂತ ಮಗನಿಗೆ ಹೇಳಿ.

ಬಸ್ಸು ಇದೆ, ಸ್ವಿಂಡನ್‌ನಿಂದ ಡಿವೈಜಸ್ ಕಡೆ ಹೋಗುವ 49, ಏವ್‌ಬರಿ ಊರೊಳಗೇ ನಿಲ್ಲುತ್ತದೆ. ಭಾನುವಾರ ಕಡಿಮೆ ಇರುತ್ತದೆ, ಹಿಂತಿರುಗುವ ವೇಳೆಯನ್ನು ಮೊದಲೇ ನೋಡಿಟ್ಟುಕೊಳ್ಳಿ. ಓಕ್ ರಾಜ ಸಾಯುವುದು ತಡವಾದರೆ ಅರ್ಧಕ್ಕೇ ಎದ್ದು ಬಸ್ಸಿಗೆ ಹೋಗಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬ್ರೆಡ್ಡು ಬೇಕಿದ್ದರೆ ಹೋಗುವ ಮುಂಚೆ ನನ್ನ ಹತ್ತಿರ ಬಂದು ಕೇಳಿ, ಕೆಂಪು ಏಪ್ರನ್ ಹಾಕಿರುತ್ತೇನೆ. ಮಗ ಕರಡಿ ಕರೆಯುವಾಗ ಉತ್ತರ ಯಾವ ಕಡೆ ಅಂತ ಮೊದಲೇ ತೋರಿಸಿಕೊಟ್ಟಿರಿ. ಹೋದ ಸಲ ಕರೆದ ಹುಡುಗಿ ಪಬ್ಬಿನ ಕಡೆ ಮುಖ ಮಾಡಿ ಕೂಗಿದ್ದಳು.